ಒಂದೂವರೆ ಗಂಟೆಯ ತವರು

ನವೆಂಬರ್ ೧೯, ಬುಧವಾರ, ನೆರೂಳ

ಒಂಬತ್ತನೇ ತಿಂಗಳು ಎಂದು ಡಾಕ್ಟರು ವಿಮಾನಕ್ಕೆ ಬೇಕಾದ ಪತ್ರ ಕೊಡಲೇ ಇಲ್ಲ. "ಅಬ್ ಫ್ಲೈಟ್ ನಹೀ." ರೈಲಿನ ಕುಲುಕಾಟವೂ ಬೇಡವಂತೆ.

ಮುಂಬಯಿಯಿಂದ ಮಂಗಳೂರಿಗೆ ಬರೀ ಒಂದೂವರೆ ಗಂಟೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಲು ನಾನು ಹುಡುಕಿದ ಪ್ರತಿ ಟಿಕೆಟ್ಟಿಗೂ ಪ್ರಭಾ ಅತ್ತೆ ಪಂಚಾಂಗ ಹಿಡಿದು ಕಲ್ಲು ಹಾಕಿದರು. ಒಮ್ಮೆ ಅಷ್ಟಮಿ, ಒಮ್ಮೆ ಮಂಗಳವಾರ. ಈಗ ಕೇಳಿದರೆ, "ನಾನೆಂತ ಮಾಡುದು ಮಾರಾಯ್ತಿ, ದಿನ ಒಳ್ಳೇದಿರ್ಲಿಲ್ಲ."

ನನ್ನ ಗಂಡ ವಿಶ್ರುತ ಟಿವಿಯ ಸದ್ದು ಏರಿಸಿದ. ನನ್ನ ಹೊಟ್ಟೆ ಆಗಾಗ ಬಿಗಿಯುತ್ತಿದೆ.

ಬೀಗರ ಮನೆಗೆ ಬಂದು ಬಾಣಂತನ ಮಾಡಲು ಅಮ್ಮನಿಗೆ ಸಂಕೋಚ. ಆದರೆ ಅಲ್ಲಿಂದ ಇಲ್ಲಿಗೂ ಅದೇ ಒಂದೂವರೆ ಗಂಟೆ ತಾನೇ? ಅವಳಿಗೆ ನಾಳೆ ಬೆಳಗಿನ ಟಿಕೆಟ್ ತೆಗೆದೆ. ಅತ್ತೆಗೆ ಇನ್ನೂ ಹೇಳಿಲ್ಲ.

ನಾಳೆ ಅಮಾವಾಸ್ಯೆ.