ಕೆಳಗಿನ ಕೋಣೆಯನ್ನು ಒಂದು ದಿನದ ಮಟ್ಟಿಗೆ ಬಿಟ್ಟುಕೊಡಿ

ಚುನಾವಣಾ ಸುಧಾರಣೆಯ ತಜ್ಞರ ಸಮಿತಿಯ ಮಾನ್ಯ ಅಧ್ಯಕ್ಷರೇ,

ಮೊಣಕಾಲು ನೋವು ಈಗ ಹೇಗಿದೆ? ಕುಚೋದ್ಯಕ್ಕೆ ಕೇಳುತ್ತಿಲ್ಲ. ತಮ್ಮ ಮೊಣಕಾಲಿಗೆ ಸಿಕ್ಕ ಮರ್ಯಾದೆ ನಮ್ಮ ಅತ್ತೆಯ ಮೊಣಕಾಲಿಗೂ ಸಿಗಬೇಕು ಎಂಬುದಷ್ಟೇ ನನ್ನ ತಕರಾರು.

ನಾನು ಶಾಲೆಯ ಎದುರು ಟೈಲರ್ ಅಂಗಡಿ ಇಟ್ಟುಕೊಂಡವಳು. ನಮ್ಮ ಬಡಾವಣೆಯ ಮತಗಟ್ಟೆ ಅದೇ ಶಾಲೆಯ ಮಹಡಿಯ ಮೇಲಿದೆ. ಮೆಟ್ಟಿಲು ತೀರಾ ಕಡಿದಾಗಿದೆ, ಹಿಡಿದುಕೊಳ್ಳಲು ಕಂಬಿಯಿಲ್ಲ. ಕಳೆದ ಚುನಾವಣೆಯಲ್ಲಿ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗಬೇಕಾಯಿತು. ಎತ್ತಲು ಎರಡೂ ಪಕ್ಷದವರು ನಾ ಮುಂದು ತಾ ಮುಂದು ಎಂದು ಓಡಿಬಂದರು. ಅರ್ಧ ದಾರಿಯಲ್ಲಿ, ಫೋಟೋದಲ್ಲಿ ಯಾರು ಮುಂದೆ ಎಂಬ ಜಗಳ ಹತ್ತಿಕೊಂಡು, ಅತ್ತೆ ಕುರ್ಚಿ ಸಮೇತ ಮೆಟ್ಟಿಲ ತಿರುವಿನಲ್ಲೇ ಸಿಕ್ಕಿಬಿದ್ದರು!

"ಇಳಿಸ್ರೋ ನನ್ನ! ನಾನೇನು ಬೀರುವೇನ್ರೋ, ಮನೆ ಖಾಲಿ ಮಾಡೋ ಹಾಗೆ ಹೊತ್ಕೊಂಡು ಹೋಗೋಕೆ?" ಎಂದು ಕೂಗಿದ್ದು ನನ್ನ ಅಂಗಡಿಗೂ ಕೇಳಿಸಿತು. ಮನೆಗೆ ಬಂದ ಮೇಲೆ ಅತ್ತೆ ಊಟ ಮಾಡಲಿಲ್ಲ. "ಇನ್ಮೇಲೆ ನನ್ನ ಕಾಲಲ್ಲಿ ನಾನು ಹೋಗೋ ಹಾಗಿದ್ರೆ ಓಟು. ಇಲ್ಲಾಂದ್ರೆ ಆ ಕಡೆ ತಲೆ ಹಾಕಿ ಮಲಗೋದೂ ಇಲ್ಲ" ಎಂದುಬಿಟ್ಟರು. ಆವರೆಗೆ ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ ಅವರು.

ಮನೆಯಿಂದಲೇ ಮತ ಹಾಕಿಸಬಹುದಲ್ಲ ಎನ್ನುತ್ತೀರಿ. ಹೇಳಿ ನೋಡಿದೆ. "ಸೊಸೆ ಮನೇಲಿ ಓಡಾಡ್ಕೊಂಡಿರುವಾಗ ಓಟು ಹಾಕಲಾ? ಚೆನ್ನಾಗಿದೆ ಕಣೇ!" ಎಂದರು. ನಾನೂ ಯಾರಿಗೆ ಹಾಕುತ್ತೇನೆಂದು ಅವರಿಗೆ ಇವತ್ತಿನವರೆಗೆ ಬಾಯಿಬಿಟ್ಟಿಲ್ಲವಾದ್ದರಿಂದ ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಅಷ್ಟರಲ್ಲಿ ತಮ್ಮ ಸಮಿತಿ ಅಹವಾಲು ಕೇಳಲು ಇದೇ ಶಾಲೆಗೆ ದಯಮಾಡಿಸಿತು. ಅಧ್ಯಕ್ಷರಿಗೆ ಮಂಡಿನೋವು ಎಂದದ್ದೇ ತಡ, ಎಂದೂ ತೆರೆಯದ ಕೆಳಗಿನ ಕೋಣೆಯ ಬೀಗ ತೆರೆಯಿತು! ಒಳಗಿದ್ದ ಕಾಗದದ ಕಟ್ಟುಗಳೆಲ್ಲ ಮೇಲಕ್ಕೆ ಹೋದವು, ಫ್ಯಾನು ಬಂತು, ಮೆತ್ತನೆಯ ಕುರ್ಚಿ ಬಂತು. ಅತ್ತೆ ಕೋಲೂರಿಕೊಂಡು ಸಲೀಸಾಗಿ ಒಳಗೆ ನಡೆದರು.

"ಸ್ವಾಮಿ, ನೀವೀಗ ಕೂತಿದೀರಲ್ಲ, ಇದೇ ಕೋಣೇಲಿ ಓಟು ಇಡಿ. ಇನ್ನೇನೂ ಬೇಡ."

"ಉತ್ತಮ ಸಲಹೆ, ತಾಯಿ. ದೀರ್ಘಾವಧಿ ಶಿಫಾರಸುಗಳಲ್ಲಿ ಸೇರಿಸುತ್ತೇವೆ" ಎಂದಿರಿ ತಾವು.

"ದೀರ್ಘಾವಧಿ ನಿಮಗಿರಬಹುದಪ್ಪ, ನನಗೆಲ್ಲಿದೆ?"

ಎಲ್ಲರೂ ನಕ್ಕರು. ತಾವೂ ನಕ್ಕಿರಿ. ಅತ್ತೆ ನಗಲಿಲ್ಲ, ಅದನ್ನು ತಾವು ಗಮನಿಸಿದಿರೋ ಇಲ್ಲವೋ.

ತಮ್ಮ ಕಾರು ತಿರುವು ದಾಟುವುದೇ ತಡ, ಕಟ್ಟುಗಳು ಕೆಳಗಿಳಿಯತೊಡಗಿದವು. ಏನಪ್ಪಾ ಇವು ಎಂದು ಜವಾನರನ್ನು ಕೇಳಿದೆ. "ಹಿಂದಿನ ಸಮಿತಿಗಳ ವರದಿ ಕಣಮ್ಮ. ಹಂಚೋಕೆ ಅಂತ ಕಳಿಸಿದ್ರು, ಯಾರಿಗೆ ಅಂತ ಹೇಳ್ಲಿಲ್ಲ. ಮೇಲೆ ಇಟ್ರೆ ಸೋರುತ್ತೆ, ಒದ್ದೆಯಾದ್ರೆ ನನ್ನ ತಲೆಗೆ ಬರುತ್ತೆ" ಎಂದರು. ಅಂದರೆ ಸೋರುವ ಮಹಡಿ ಮತದಾರರಿಗೆ, ಬೆಚ್ಚನೆಯ ಕೋಣೆ ವರದಿಗಳಿಗೆ! ಅಧ್ಯಕ್ಷರೇ, ನನ್ನ ಕಸುಬಿನಲ್ಲಿ ಬಂದವರ ಅಳತೆಯನ್ನಷ್ಟೇ ತೆಗೆಯುತ್ತಾ ಕೂತರೆ ಗಿರಾಕಿಗಳು ಕತ್ತರಿ ಕಿತ್ತುಕೊಂಡು ಓಡಿಸುತ್ತಾರೆ. ತಮಗೆ ಮಾತ್ರ ಪ್ರತಿ ಸಲವೂ ಹೊಸ ಟೇಪು ಕೊಡುವವರು ಯಾರು?

ಮೊನ್ನೆ ತಮ್ಮ ವರದಿಯೂ ಬಂತು. ಮತಗಟ್ಟೆಗಳು ನೆಲಮಹಡಿಯಲ್ಲೇ ಇರತಕ್ಕದ್ದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದೀರಂತೆ. ಬಹಳ ಸಂತೋಷ. ಅದರ ಕಟ್ಟುಗಳನ್ನೂ ಕೆಳಗಿನ ಕೋಣೆಗೇ ತುಂಬಿದ್ದಾರೆ. ಈಗ ಬಾಗಿಲು ಪೂರ್ತಿ ತೆಗೆಯಲೂ ಬರುವುದಿಲ್ಲ.

ಮುಂದಿನ ತಿಂಗಳು ಮತದಾನ. ನನ್ನ ಬೇಡಿಕೆ ಇಷ್ಟೇ: ತಮ್ಮ ಮಂಡಿಗಾಗಿ ಬೀಗ ತೆಗೆಸಿದವರಿಗೆ ಇನ್ನೊಮ್ಮೆ ಫೋನ್ ಮಾಡಿ, ಅದೇ ಬೀಗ ತೆಗೆಸಿ. ಕಟ್ಟುಗಳನ್ನು ನಮ್ಮ ಬೀದಿಯವರೇ ಮೇಲಕ್ಕೆ ಹೊರುತ್ತೇವೆ. ನೆನೆಯದಂತೆ ಹೊದಿಸಲು ಪ್ಲಾಸ್ಟಿಕ್ ಹೊದಿಕೆ ನಾನೇ ಹೊಲಿದುಕೊಡುತ್ತೇನೆ. ಇದಕ್ಕೊಂದು ಉಪಸಮಿತಿ ಮಾತ್ರ ದಯವಿಟ್ಟು ಬೇಡ.

ಅತ್ತೆ ಈಗ ದಿನಾ ಸಂಜೆ ಕೋಲು ಹಿಡಿದು ಶಾಲೆಯ ಗೇಟಿನವರೆಗೆ ನಡೆಯುವ ಅಭ್ಯಾಸ ಮಾಡುತ್ತಿದ್ದಾರೆ. ಏದುಸಿರು ಬಿಡುತ್ತಾ ಗೇಟು ಹಿಡಿದು ನಿಲ್ಲುತ್ತಾರೆ, ಕೆಳಗಿನ ಕೋಣೆಯ ಬೀಗ ನೋಡುತ್ತಾರೆ. ನಿನ್ನೆ ನನ್ನ ತೋಳು ಹಿಡಿದು ವಾಪಸ್ ಬರುವಾಗ ಹೇಳಿದರು: "ಇಲ್ಲೀವರೆಗೆ ಬರೋದು ನನ್ನ ಕೆಲಸ, ಬಂದಿದೀನಿ. ಇನ್ನು ಬಾಗಿಲು ತೆಗೆಯೋದು ಅವರದ್ದು."

ಇಂತಿ,
ಅತ್ತೆಯ ಓಟು ಯಾರಿಗೆಂದು ಗೊತ್ತಿಲ್ಲದೆಯೂ ಅದಕ್ಕಾಗಿ ಜಗಳಕ್ಕೆ ನಿಂತಿರುವ,
ಶಾಲೆ ಎದುರಿನ ಟೈಲರ್ ಸೊಸೆ