ಎನ್ಸಿಯೊನ ದನಿಗೆ ಶನಿವಾರದ ಗಡುವು

ಲಾಹ್ತಿ, ನವೆಂಬರ್ ೧೧, ಸೋಮವಾರ

ಪ್ರೀತಿಯ ಓಯ್ವ,

ಈ ಅಕ್ಷರ ಕಂಡ ಕೂಡಲೇ ಒಲೆಗೆ ಹಾಕಬೇಡ. ನಿನ್ನ ಅತ್ತಿಗೆ ರೈಯಾಗೆ ಬೇರೆ ದಾರಿಯೇ ಉಳಿದಿಲ್ಲ. ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಈ ಕಾಗದವನ್ನು ನಿಮ್ಮೂರು ಕುಹ್ಮೊ ಕಡೆಯ ಬಸ್ಸಿನವನ ಕೈಗೆ ಕೊಡುತ್ತಿದ್ದೇನೆ. ಹನ್ನೆರಡು ವರ್ಷದ ಮೌನ ಏಕೆಂದು ನಮ್ಮಿಬ್ಬರಿಗೂ ಗೊತ್ತು, ಅದನ್ನೀಗ ಕೆದಕುವುದಿಲ್ಲ.

ನಿನ್ನ ಅಣ್ಣ ಎನ್ಸಿಯೊನ ಗಂಟಲನ್ನು ಕೊಯ್ಯುವ ಮುಂಚೆ ಆಸ್ಪತ್ರೆಯವರು ಅವನ ದನಿಯನ್ನು ಒಂದು ಲ್ಯಾಪ್‌ಟಾಪಿಗೆ ತುಂಬಿಸಿಕೊಟ್ಟಿದ್ದರು. ಮೂರು ವಾರ ಅಡುಗೆಮನೆಯ ಮೇಜಿಗೆ ಕೂತು ಸಾವಿರದ ಆರುನೂರು ವಾಕ್ಯ ಓದಿದ. ನಮ್ಮ ಇಡೀ ಸಂಸಾರದಲ್ಲಿ ಅಷ್ಟು ಮಾತಾಡಿದವನಲ್ಲ ಮಹಾರಾಯ. ಅಂದಿನಿಂದ ಅವನು ಟೈಪ್ ಮಾಡುತ್ತಾನೆ, ಯಂತ್ರ ಅವನದೇ ದನಿಯಲ್ಲಿ ಹೇಳುತ್ತದೆ. ಬೆಳಿಗ್ಗೆ "ಕಾಫಿ ಆಯ್ತಾ ರೈಯಾ" ಎಂದು ಕೇಳುವವನು ಅವನೇ.

ಆ ಪ್ರೋಗ್ರಾಮಿಗೊಂದು ಚಾಳಿ ಇದೆ. ಮೂವತ್ತು ದಿನಕ್ಕೊಮ್ಮೆ ಇಂಟರ್ನೆಟ್ಟಿಗೆ ಹೋಗಿ ತನ್ನ ಯಜಮಾನರಿಗೆ ಮುಖ ತೋರಿಸಿ ಬರಬೇಕು, ಇಲ್ಲದಿದ್ದರೆ ಬಾಯಿ ಮುಚ್ಚುತ್ತದೆ. ಒಮ್ಮೆ ಮುಚ್ಚಿದರೆ ಮತ್ತೆ ತೆರೆಸುವವರು ಆ ಕಂಪನಿಯಲ್ಲಿ ಯಾರೂ ಉಳಿದಿಲ್ಲವಂತೆ. ಈ ಶನಿವಾರ ಮೂವತ್ತನೆಯ ದಿನ.

ಕಳೆದ ತಿಂಗಳು ನಮ್ಮ ಕಟ್ಟಡಕ್ಕೆಲ್ಲ ಹೊಸ ವೈಫೈ ಪೆಟ್ಟಿಗೆ ಬಂತು. ಹಳೆಯದನ್ನು ಕೆಳಗಿನ ಕಸದ ಕೋಣೆಯಲ್ಲಿ ಇಡಿ ಎಂದು ಮೆಟ್ಟಿಲ ಬಳಿ ನೋಟೀಸು ಅಂಟಿಸಿದ್ದರು. ಇಪ್ಪತ್ತನಾಲ್ಕು ಮನೆಯವರೂ ಹೇಳಿದ ದಿನ, ಹೇಳಿದ ಹೊತ್ತಿಗೆ, ತಂತಿ ಸುತ್ತಿ ಇಟ್ಟು ಬಂದೆವು. ನಾನಂತೂ ಧೂಳು ಒರೆಸಿ ಕೊಟ್ಟೆ. ಹೊಸ ಪೆಟ್ಟಿಗೆಯ ಸುರಕ್ಷತಾ ಬೀಗ ಈ ಮುದಿ ಲ್ಯಾಪ್‌ಟಾಪಿಗೆ ಅರ್ಥವಾಗುವುದಿಲ್ಲವೆಂದು ತಿಳಿದದ್ದು ಆಮೇಲೆ. ಕೆಟ್ಟ ಮೇಲೆ ಬುದ್ಧಿ ಬಂತು.

ಸಹಾಯವಾಣಿಯ ಹುಡುಗಿಗೆ ಹಳೆಯ ಬೀಗವನ್ನೇ ಹಾಕಿಕೊಡು ಎಂದು ಅಂಗಲಾಚಿದೆ. ಅದು ಸುರಕ್ಷಿತವಲ್ಲ, ಆಗುವುದಿಲ್ಲ ಎಂದಳು. ಲ್ಯಾಪ್‌ಟಾಪಿನ ವಯಸ್ಸು ಹೇಳಿದರೆ, "ಅಯ್ಯೋ, ಅದಿನ್ನೂ ಉಸಿರಾಡ್ತಿದೆಯಾ?" ಎಂದು ನಕ್ಕಳು. ನಾನು ಫೋನ್ ಇಟ್ಟು ಅತ್ತುಬಿಟ್ಟೆ. ತಂತಿ ಸಿಕ್ಕಿಸೋಣವೆಂದರೆ ಲ್ಯಾಪ್‌ಟಾಪಿನ ಆ ತೂತು ಮುರಿದು ಮೂರು ವರ್ಷ. ಅಂಗಡಿಯಿಂದ ಯುಎಸ್‌ಬಿಗೆ ಸಿಕ್ಕಿಸುವ ಒಂದು ವೈಫೈ ಕಡ್ಡಿ ತಂದು ಚುಚ್ಚಿದೆ, ಯಂತ್ರ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

ಕೊನೆಗೆ ನಿನ್ನೆ ಭಾನುವಾರ ಮಧ್ಯಾಹ್ನ ಬಾಗಿಲು ಬಾಗಿಲು ತಟ್ಟಿದೆ. ಮೂವತ್ತು ವರ್ಷದಲ್ಲಿ ಈ ಮೆಟ್ಟಿಲಲ್ಲಿ ಯಾರೂ ಮಾಡದ ಕೆಲಸ. ಮೂರನೆಯ ಮಹಡಿಯ ಹಿಲ್ಕಾ ಯಾರೋ ಸತ್ತರೆಂದೇ ತಿಳಿದು ಕೋಟು ಹಾಕಿಕೊಂಡು ಬಂದಳು. ಪಾಪ, ತನ್ನ ಫೋನಿನಿಂದ ವೈಫೈ ಕೊಟ್ಟು ನೋಡಿದಳು, ಅದರದ್ದೂ ಹೊಸ ಬೀಗವೇ. ಹಳೆಯ ಪೆಟ್ಟಿಗೆಯೊಂದನ್ನು ತಂತಿಯಿಂದ ಹೊಸದಕ್ಕೆ ಸಿಕ್ಕಿಸಿದರೆ ಸಾಕು ಎಂದು ಹೇಳಿದವಳೂ ಅವಳೇ. ಆದರೆ ಹಳೆಯ ಪೆಟ್ಟಿಗೆ ಒಬ್ಬರ ಮನೆಯಲ್ಲೂ ಇಲ್ಲ. ಎಲ್ಲರೂ ನಮ್ಮಷ್ಟೇ ವಿಧೇಯರು. ಇಂದು ಬೆಳಿಗ್ಗೆ ಗುಜರಿ ಕೇಂದ್ರಕ್ಕೂ ಓಡಿದೆ, ಆಗಲೇ ಪುಡಿ ಮಾಡಿದ್ದರು.

ಆಗ ನಿನ್ನ ನೆನಪಾಯಿತು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂಬ ಮಾತು ನಿನಗೇ ಸರಿ. ನೀನು ಯಾವ ನೋಟೀಸಿಗೆ ತಲೆ ಬಾಗಿದವನು? ನಿನ್ನ ಶೆಡ್ಡಿನಲ್ಲಿ ಆ ಕಾಲದ ಪೆಟ್ಟಿಗೆ ಇದ್ದೇ ಇರುತ್ತದೆ. ಹುಡುಕಿ, ಬಸ್ಸಿನ ಪಾರ್ಸೆಲ್ಲಿಗೆ ಹಾಕು. ಕಾಲಿಗೆ ಬೀಳುತ್ತೇನೆ.

ಆಸ್ಪತ್ರೆಯವರು ಹೊಸ ಯಂತ್ರ ಕೊಡುತ್ತಾರೆ, ಅದರಲ್ಲಿ ವಾರ್ತೆ ಓದುವವನಂಥ ಒಂದು ದನಿ ಇದೆ. ಅದು ನನ್ನನ್ನು ರೈಯಾ ಎಂದರೆ ಗುರುತಿಲ್ಲದವನು ಅಡುಗೆಮನೆಗೆ ನುಗ್ಗಿದಂತಾಗುತ್ತದೆ. ಎನ್ಸಿಯೊ ಮಾತ್ರ, "ಬಿಡೇ, ನಾನು ಮಾತಾಡಿದ್ದು ಸಾಕು" ಎನ್ನುತ್ತಾನೆ. ಅವನಿಗೆ ಸಾಕಾಗಿರಬಹುದು, ನನಗೆ ಸಾಕಾಗಿಲ್ಲ ಓಯ್ವ. ನನಗೆ ಭಯವಾಗುತ್ತಿದೆ.

ನಿನ್ನ ಅತ್ತಿಗೆ,
ರೈಯಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಕಾಗದವನ್ನು ಎನ್ಸಿಯೊಗೆ ಓದಿ ಹೇಳಿದೆ. ತಮ್ಮನಾಗಿ ಆಪರೇಷನ್ನಿಗೇ ಬಾರದವನು ಪೆಟ್ಟಿಗೆ ಕಳಿಸುತ್ತಾನೆಯೇ ಎಂದು ಕೇಳಿದ. ಆಗ ತಡೆಯಲಾರದೆ ನಿಜ ಹೇಳಿಬಿಟ್ಟೆ. ಹನ್ನೆರಡು ವರ್ಷದ ಕೆಳಗೆ, ಆಪರೇಷನ್ನಿನ ಹಿಂದಿನ ದಿನ, ಅವನಿಗಿನ್ನೂ ಗಂಟಲಿದ್ದಾಗ, ನೀನು ಆಸ್ಪತ್ರೆಯ ಬಾಗಿಲಿಗೆ ಬಂದಿದ್ದೆ. ಕುಡಿದಿದ್ದೀಯ ಎಂದು ನಾನೇ ಹೊರಗಿಂದ ಹೊರಗೇ ಅಟ್ಟಿದೆ. ಒಂಬತ್ತು ಗಂಟೆ ಬಸ್ಸಿನಲ್ಲಿ ಕೂತು ಬಂದವನ ಕಣ್ಣು ಕೆಂಪಾಗಿತ್ತು, ಅಷ್ಟೇ. ನೀನು ಬರಲೇ ಇಲ್ಲವೆಂದು ಅವನಿಗೆ ಹೇಳಿದ್ದವಳೂ ನಾನೇ.

"ಅವನು ಬಂದಿದ್ದನಾ?" ಎಂದು ಕೇಳಿದ. ಯಂತ್ರವನ್ನು ಮಾತಾಡಿಸುವ ಗುಂಡಿಯನ್ನು ಮೂರು ಸಲ ಒತ್ತಿದ, ಯಂತ್ರ ಮೂರು ಸಲವೂ ಒಂದೇ ಧಾಟಿಯಲ್ಲಿ ಕೇಳಿತು. ಹೂಂ ಎಂದೆ. ಮತ್ತೆ ಟೈಪ್ ಮಾಡಿದ, "ಅವನನ್ನ ಕರೆಸು. ಅವನ ಹತ್ರ ನನ್ನ ದನಿಯಲ್ಲೇ ಮಾತಾಡ್ಬೇಕು."

ಪಾರ್ಸೆಲ್ ಬೇಡ ಓಯ್ವ. ಪೆಟ್ಟಿಗೆ ಸಿಗದಿದ್ದರೆ ಬರಿಗೈಯಲ್ಲೇ ಬಾ, ಆದರೆ ಶನಿವಾರಕ್ಕೆ ಮೊದಲು ಬಾ.