ಊಳಿಡುವವಳು ಕೇಳಿಸಿಕೊಂಡಾಳು

ಆಟ್‌ಬಾಶಿ ಕಣಿವೆ, ಚಳಿಗಾಲದ ಬೀಡು
ಮಾರ್ಚ್ 3, 1968

ನನ್ನ ಕರುಳಿನ ಕುಡಿ ಎಸೆನ್‌ಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯ ಮಗಾ? ಮೊಣಕಾಲು ನೋವು ಕಡಿಮೆಯಾಯಿತೇ? ರೈಲು ಹಳಿ ಹಾಕಿಸುವವರು ಹೊಟ್ಟೆಗೆ ಸರಿಯಾಗಿ ಹಾಕುತ್ತಾರೋ, ನೀರು ಸಾರಿನಲ್ಲೇ ಸಾಗಹಾಕುತ್ತಾರೋ? ನಾನು ಕಳಿಸಿದ ಒಣ ಮೊಸರಿನ ಉಂಡೆಗಳನ್ನು ಗೆಳೆಯರಿಗೆಲ್ಲ ಹಂಚಿ ಕೈತೊಳೆದುಕೊಂಡಿರುತ್ತೀಯ, ನನಗೆ ಗೊತ್ತು. ನಿನ್ನ ಹೆಂಡತಿ ಜಿಪರ್ ಎದ್ದು ಓಡಾಡುತ್ತಿದ್ದಾಳೆ. ಮಗು ಹಾಲು ಕುಡಿಯುತ್ತಿದೆ. ಇದನ್ನೇ ಮೊದಲು ಬರೆದೆ, ಯಾಕೆಂದರೆ ಮುಂದಿನದನ್ನು ಓದಿ ನೀನು ಗಾಬರಿಯಾಗಬಾರದು.

ದೂಲಟ್ ಅಜ್ಜ ಕಳಿಸಿದ ತಂತಿ ಮುಟ್ಟಿತೆಂದು ಬರೆದಿದ್ದೀಯ. ಪಕ್ಕದ ಬೀಡಿನ ಆ ಮುದುಕನಿಗೆ ಯಾವುದರಲ್ಲೂ ತಾಳ್ಮೆಯಿಲ್ಲ. ಜಿಪರ್‌ಗೆ ನೋವು ಶುರುವಾದ ಮಧ್ಯಾಹ್ನ ಹಿಮ ಬೀಳುತ್ತಿತ್ತು. ಒಳಗೆ ನಾನು ಮತ್ತು ಸೂಲಗಿತ್ತಿ ಐಮಾನ್. ಗಂಡಸರೆಲ್ಲ ಮುಂಬಾಗಿಲ ಹೊರಗೆ. ಮುದುಕ ಬಾಗಿಲಿಗೆ ಬಾಯಿ ಹಚ್ಚಿ ಕೇಳಿದ. ಊಳಿಡುವವಳು ಎಂದಷ್ಟೇ ನಾವು ಕರೆಯುವವಳ ಆ ಹೆಸರನ್ನು ಇಲ್ಲಿ ಬರೆಯದೆ ವಿಧಿಯಿಲ್ಲ, ನೀನು ಮನಸ್ಸಿನಲ್ಲೇ ಓದಿಕೋ. "ಏನಮ್ಮಾ ಐಮಾನ್, ತೋಳಾನೋ ನರೀನೋ?" ಗಂಡೋ ಹೆಣ್ಣೋ ಎಂದು ನಮ್ಮವರು ಬೇರೆ ಹೇಗೆ ಕೇಳುತ್ತಾರೆ ಹೇಳು. ಅದೇ ಗಳಿಗೆಗೆ ಐಮಾನ್ "ತೋಳ! ಅಯ್ಯೋ, ತೋಳ!" ಎಂದು ಚೀರಿದಳು. ಮಗು ಇನ್ನೂ ಹುಟ್ಟಿರಲೇ ಇಲ್ಲ ಮಗಾ. ಅವಳು ನೋಡುತ್ತಿದ್ದುದು ಹಿಂದಿನ ಕಿಟಕಿಯನ್ನು. ಗಾಜಿಗೆ ಮೂತಿಯಿಟ್ಟು ಊಳಿಡುವವಳು ನಿಂತಿದ್ದಳು, ಹಾಡಹಗಲಿನಲ್ಲಿ, ನಾಯಿಗೂ ಜನಕ್ಕೂ ಅಂಜದೆ, ಜಿಪರ್‌ಳನ್ನೇ ನೋಡುತ್ತ.

ಹೊರಗೆ ಒಂದೇ ಗದ್ದಲ. ಟೋಪಿಗಳು ಹಾರಿದವು. "ಎಸೆನ್‌ಗೆ ಗಂಡಾಯ್ತು ಕಣ್ರೋ, ಸಿಹಿಸುದ್ದಿ ಉಡುಗೊರೆ ನಂಗೇ ಬರ್ಬೇಕು!" ಎನ್ನುತ್ತ ಮುದುಕ ಕುದುರೆ ಹತ್ತಿ ಅಂಚೆ ಕಚೇರಿಗೆ ಓಡಿಯೇಬಿಟ್ಟ. ನಾನು ಅರಚಿಕೊಂಡದ್ದು ಯಾರ ಕಿವಿಗೂ ಬೀಳಲಿಲ್ಲ. ಊಳಿಡುವವಳು ಒಂದು ಕುರಿಯನ್ನೂ ಮುಟ್ಟದೆ ಹಿಂದಿನ ದಿಬ್ಬಕ್ಕೆ ಹೋಗಿ ಕುಳಿತಳು. ಆಮೇಲೆ ಮಗು ಹುಟ್ಟಿತು. ಅಳಲಿಲ್ಲ. ಐಮಾನ್ ಕಾಲು ಹಿಡಿದು ಬೆನ್ನು ತಟ್ಟಿದರೂ ಅಳಲಿಲ್ಲ. ದಿಬ್ಬದಿಂದ ಊಳು ಕೇಳಿದ ಮೇಲೆಯೇ ಅತ್ತಿದ್ದು.

ಅಂದಿನಿಂದ ದಿನಾ ಸಂಜೆ ಬರುತ್ತಾಳೆ. ಐಮಾನಳ ಗಂಡ "ಬಂದೂಕು ತರ್ಲಾ ಅಕ್ಕಾ?" ಎಂದ. "ಥೂ, ಬಾಯ್ಮುಚ್ಚೋ! ನಮ್ಮ ಮೂಲದಜ್ಜೀನೇ ಹೊಡೀತೀಯೇನೋ?" ಎಂದು ಗದರಿದೆ. ಶತ್ರುಗಳು ಕೈಕಾಲು ಕಡಿದು ಜೌಗಿಗೆಸೆದ ಹುಡುಗನಿಗೆ ಹಾಲೂಡಿಸಿ ನಮ್ಮ ಕುಲವನ್ನು ಉಳಿಸಿದವಳ ಸಂತತಿ ಅದು. ಈ ಮನೆಯಲ್ಲಿ ತನ್ನ ಕೂಸು ಹುಟ್ಟಿತೆಂದು ಐಮಾನಳ ಬಾಯಿಂದಲೇ ಕಿವಿಯಾರೆ ಕೇಳಿಸಿಕೊಂಡಿದ್ದಾಳೆ. ತನ್ನದಾದರೆ ಕಾಯುತ್ತಾಳೆ. ಅಲ್ಲವೆಂದು ತಿಳಿದರೆ? ನಿಮ್ಮ ಮೊದಲಿನ ಎರಡು ಕೂಸುಗಳನ್ನು ಮಣ್ಣಿಗಿಟ್ಟಾಗ ನೀನಾದರೂ ಪಕ್ಕದಲ್ಲಿದ್ದೆ. ಜಿಪರ್ ನೋವಿನಲ್ಲಿ ಕಿಟಕಿ ನೋಡಿರಲಿಲ್ಲ. ನಿನ್ನೆ "ಅತ್ತೆ, ದಿಬ್ಬದ್ಮೇಲೆ ದಿನಾ ಕೂತಿರುತ್ತಲ್ಲ, ಆ ನಾಯಿ ಯಾರ್ದು?" ಎಂದು ಕೇಳಿದಳು. "ಯಾರ್ದೋ ದಾರಿ ತಪ್ಪಿದ್ದು, ನೀ ಮಲಕ್ಕೋ" ಎಂದು ಪರದೆ ಎಳೆದೆ. ತೊಟ್ಟಿಲಿಗೆ ರಕ್ಷೆಯಾಗಿ ಅವಳ ಜಾತಿಯದೇ ಒಂದು ಹಲ್ಲು ಕಟ್ಟಿದ್ದೇನೆ.

ಕಿವಿಗೆ ಬಟ್ಟೆ ಸುತ್ತಿಕೊಳ್ಳದೆ ಹೊರಗೆ ಹೋಗಬೇಡ. ನಿನ್ನ ದಾರಿ ಹಾಲಿನಂತೆ ಬೆಳ್ಳಗಿರಲಿ, ನಿನ್ನ ಆಯುಷ್ಯ ನನ್ನದಕ್ಕಿಂತ ಉದ್ದವಾಗಲಿ.

ನಿನ್ನ ಅಮ್ಮ,
ಬೂರುಲ್

ಮರೆತಿದ್ದೆ ಎಂದು ಸುಳ್ಳು ಹೇಳಲಾರೆ, ಬರೆಯಲು ಧೈರ್ಯವಾಗಿರಲಿಲ್ಲ. ಅಂಚೆಯವನು ಕುದುರೆಯಿಂದ ಇಳಿಯದೆ ಕಾಯುತ್ತಿದ್ದಾನೆ. ಮಗನಿಗೆ ಏನು ಹೆಸರಿಟ್ಟಿರಿ ಎಂದು ಕೇಳಿದ್ದೀಯ. ಹುಟ್ಟಿದ್ದು ಹೆಣ್ಣು. ನಾವು ಮೂವರು ಹೆಂಗಸರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಜನ್ಮದಲ್ಲಿ ನಾನು ಬಾಯಿಬಿಟ್ಟು ಆಡದ ಆ ಹೆಸರನ್ನೇ ಅವಳಿಗಿಟ್ಟು, ದಿನಾ ಸಂಜೆ ಕಿಟಕಿಯ ಬಳಿ ಗಟ್ಟಿಯಾಗಿ ಕೂಗಿ ಕರೆಯುತ್ತಿದ್ದೇನೆ. ನೀನು ಬಂದಾಗ ಅಂಗಳದಲ್ಲೇ ನಿಂತು, ದಿಬ್ಬಕ್ಕೆ ಕೇಳುವಂತೆ ದೂಲಟ್ ಅಜ್ಜನ ಪ್ರಶ್ನೆಯನ್ನೇ ಕೇಳು. ಉತ್ತರ ನಾನು ಕೊಡುತ್ತೇನೆ. ನೀನು ಟೋಪಿ ಹಾರಿಸಿ ನಗಬೇಕು. ಒಂದು ಸುಳ್ಳನ್ನೂ ನೆಟ್ಟಗೆ ಹೇಳಲು ಬಾರದವನು ನೀನು, ಇದೊಂದನ್ನು ಕಲಿತು ಬಾ. ಮಗಳನ್ನು ಎತ್ತಿಕೊಂಡಾಗ ಮುದ್ದಿಗೂ "ನನ್ನ ನರಿಮರೀ" ಎನ್ನಬೇಡ. ಪಿಸುಮಾತಿನಲ್ಲೂ ಬೇಡ ಮಗಾ. ಈಗಲೂ ಅಲ್ಲೇ ಕೂತಿದ್ದಾಳೆ, ಕಿವಿ ಈ ಕಡೆಗೇ ಇದೆ.